ಗಟ್ಟಿತನವೇ ನುಣುಪಲ್ಲ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿಯೂ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಗಳ ಆಸುಪಾಸಿನಲ್ಲಿಯೂ ಇರುವ ಸಣ್ಣ ಯಂತ್ರಶಾಲೆಗಳನ್ನು ಹೊಕ್ಕವರಿಗೆ ಹೊನ್ನಿನ ಬಣ್ಣದ ಡ್ರಿಲ್ಲುಗಳು ಕಣ್ಣಿಗೆ ಬೀಳದಿರವು. ಆ ಬಣ್ಣವು ಅಲಂಕಾರಕ್ಕಾಗಿ ಬಳಿದುದಲ್ಲ. ಟೈಟೇನಿಯಂ ಲೋಹವೂ ಸಾರಜನಕವೂ ಕೂಡಿ ಆದ ಟೈಟೇನಿಯಂ ನೈಟ್ರೈಡ್ ಎಂಬ ವಸ್ತುವಿನ ಲೇಪ. ನಿರ್ವಾತ ಕುಲುಮೆಯಲ್ಲಿ ಸುಮಾರು 450 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಉಕ್ಕಿನ ಮೇಲೆ ಕೂರಿಸುವ ಈ ಪದರದ ದಪ್ಪ ಎರಡು ಮೂರು ಮೈಕ್ರಾನ್, ಎಂದರೆ ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲಿನಷ್ಟು. ಕಾಠಿಣ್ಯವಾದರೋ ಅಡಿಯ ಹೈಸ್ಪೀಡ್ ಉಕ್ಕಿಗಿಂತ ಎರಡು ಪಟ್ಟಿಗೂ ಮಿಗಿಲು.

ಇಷ್ಟು ಗಟ್ಟಿಯಾದ ಲೇಪವಿರುವಾಗ ಕೂಲೆಂಟ್ ಎಣ್ಣೆಯ ಹಂಗೇಕೆ ಎಂಬ ಮಾತು ವ್ಯಾಪಾರದಲ್ಲಿ ಕೇಳಿಬರುತ್ತದೆ. ಈ ಮಾತಿನ ಹಿಂದಿನ ಆಶಯ ಒಳ್ಳೆಯದೇ. ಎಣ್ಣೆ ಬೆರೆತ ನೀರು ಕೆಲಸಗಾರನ ಚರ್ಮವನ್ನು ಕೆಡಿಸುತ್ತದೆ; ಚರಂಡಿಗೆ ಬಿಟ್ಟರೆ ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯ ನೀರನ್ನೇ ನಂಬಿದ ಒಕ್ಕಲಿನ ಹೊಲದವರೆಗೂ ಹೋಗುತ್ತದೆ. ಎಣ್ಣೆಯಿಲ್ಲದೆ ಲೋಹವನ್ನು ಕೊರೆಯುವ ವಿದ್ಯೆಯು ನಮಗೆ ಅವಶ್ಯವಾಗಿ ಬೇಕು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಗಟ್ಟಿಯಾಗಿರುವುದೆಲ್ಲ ನುಣುಪಲ್ಲ.

ಘರ್ಷಣೆ ಬೇರೆ, ಸವಕಳಿ ಬೇರೆ. ಈ ಲೇಪವು ಸವಕಳಿಯನ್ನು ಬಹುಮಟ್ಟಿಗೆ ತಡೆಯುತ್ತದೆಂಬುದು ನಿರ್ವಿವಾದ. ಆದರೆ ಎಣ್ಣೆಯಿಲ್ಲದೆ ಉಕ್ಕಿನ ಮೇಲೆ ಉಜ್ಜಿದಾಗ ಅದರ ಘರ್ಷಣಾಂಕವು 0.4ರಿಂದ 0.9ರವರೆಗೆ ಇರುತ್ತದೆ, ಲೇಪವಿಲ್ಲದ ಉಕ್ಕನ್ನು ಉಕ್ಕಿನ ಮೇಲೆ ಒಣದಾಗಿ ಉಜ್ಜಿದರೂ ಹೆಚ್ಚುಕಡಿಮೆ ಅಷ್ಟೆ. ಒಳ್ಳೆಯ ಕೀಲೆಣ್ಣೆಯಿದ್ದರೆ ಅದು 0.1ರ ಸಮೀಪಕ್ಕೆ ಇಳಿಯುವುದು. ಎಣ್ಣೆಯು ಹೊರುತ್ತಿದ್ದ ಭಾರವೆಲ್ಲ ಒಣ ಕೆಲಸದಲ್ಲಿ ಶಾಖವಾಗಿ ಮೊನೆಯ ಮೇಲೆಯೇ ಬೀಳುತ್ತದೆ. ಕೊರೆಯಲ್ಪಟ್ಟ ಲೋಹ ಮೊನೆಗೆ ಮೆತ್ತಿಕೊಳ್ಳುತ್ತದೆ. ಲೇಪದ ಒಂದು ಚಕ್ಕೆ ಕಿತ್ತರೆ ಆ ಗಡುಸಾದ ಪುಡಿಯೇ ಮರಳಿನಂತೆ ಉಳಿದ ಲೇಪವನ್ನು ತಿನ್ನುತ್ತದೆ. ಸುಮಾರು 500 ಡಿಗ್ರಿ ಮೀರಿದರೆ ಟೈಟೇನಿಯಂ ನೈಟ್ರೈಡ್ ಗಾಳಿಯಲ್ಲಿನ ಆಮ್ಲಜನಕಕ್ಕೆ ಸೋಲಲಾರಂಭಿಸುತ್ತದೆ. ಅಲ್ಯುಮಿನಿಯಂ ಸೇರಿಸಿದ ನೈಟ್ರೈಡು ತನ್ನ ಮೇಲೆ ತಾನೇ ಆಕ್ಸೈಡಿನ ಪೊರೆಯನ್ನು ಕಟ್ಟಿಕೊಂಡು 800 ಡಿಗ್ರಿಯ ಸುಮಾರಿಗೂ ತಾಳುತ್ತದೆ. ಆದರೆ ಅದೇ ಲೇಪದ ಡ್ರಿಲ್ಲನ್ನು ಅಲ್ಯುಮಿನಿಯಂ ತುಂಡಿಗೆ ಒಣದಾಗಿ ಹೂಡಿದರೆ ಲೋಹ ಅಂಟಿಕೊಂಡು ಕೆಲಸ ಕೆಡುವುದು.

ಇನ್ನೊಂದು ಸಂಗತಿ. ಮೊಂಡಾದ ಡ್ರಿಲ್ಲನ್ನು ಸಾಣೆ ಹಿಡಿಸಿದೊಡನೆ ಮೊನೆಯ ಮೇಲಿದ್ದ ಲೇಪವು ಹೋಗಿಬಿಡುತ್ತದೆ. ಬದಿಯಲ್ಲಿ ಹೊನ್ನು ಹೊಳೆಯುತ್ತಿರುತ್ತದೆ, ಕೊರೆಯುವ ತುದಿಯಲ್ಲಿ ಬರಿಯ ಉಕ್ಕು. ಅದನ್ನೇ ನಂಬಿ ಎಣ್ಣೆಯನ್ನು ನಿಲ್ಲಿಸಿದವನು ಡ್ರಿಲ್ಲನ್ನೂ ಕಳೆದುಕೊಳ್ಳುವನು, ಕೆಲಸದ ತುಂಡನ್ನೂ ಕಳೆದುಕೊಳ್ಳುವನು.

ದೊಡ್ಡ ಕಾರ್ಖಾನೆಗಳಿಗೆ ತಜ್ಞರಿದ್ದಾರೆ; ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ. ಸಾಲ ತಂದು ಎರಡು ಲೇತುಗಳನ್ನು ಹೂಡಿದವನಿಗೆ ಮಾರುವವನ ಮಾತೇ ಶಾಸ್ತ್ರ. ಒಂದೆರಡು ಸಲ ನಷ್ಟವಾದ ಮೇಲೆ ಅವನು ಲೇಪವನ್ನೂ ನಂಬನು, ಒಣ ಕೆಲಸವನ್ನೂ ನಂಬನು. ಮತ್ತೆ ಎಣ್ಣೆಯ ಪೀಪಾಯಿ, ಮತ್ತೆ ಚರಂಡಿ. ಜ್ಞಾನದ ಅಭಾವದಿಂದ ಕೆಡುವುದು ಒಬ್ಬನ ಗಂಟು ಮಾತ್ರವಲ್ಲ, ಹೊಳೆಯೂ ಕೆಡುತ್ತದೆ.

ಹಾಗೆಂದು ಈ ಊರಿನಲ್ಲಿ ವಿದ್ಯೆಗೆ ಬಡತನವಿಲ್ಲ. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರವು ಇಲ್ಲಿದೆ. ಯಂತ್ರೋಪಕರಣಗಳ ಸಂಶೋಧನೆಗೆಂದೇ 1962ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆಯು ತುಮಕೂರು ರಸ್ತೆಯಲ್ಲಿದೆ. ಅಲ್ಲಿಂದ ಮಾಗಡಿ ರಸ್ತೆಗೆ ಇರುವುದು ಕೆಲವೇ ಮೈಲಿಗಳು. ಆದರೆ ವಿದ್ವಾಂಸರ ಇಂಗ್ಲಿಷ್ ಪ್ರಬಂಧಕ್ಕೂ ಲೇತಿನ ಮುಂದೆ ನಿಂತವನ ಕೈಗೂ ಇರುವ ದೂರ ಅದಕ್ಕಿಂತ ಬಹಳ ಹೆಚ್ಚು.

ಆದುದರಿಂದ ಕೈಗಾರಿಕಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಯಾವ ಲೋಹಕ್ಕೆ ಯಾವ ಲೇಪ, ಎಷ್ಟು ವೇಗ, ಎಲ್ಲಿ ಒಣ ಕೆಲಸ ಸಲ್ಲುತ್ತದೆ, ಎಲ್ಲಿ ಗಾಳಿಯೊಡನೆ ಮಂಜಿನಂತೆ ಬೀಸುವ ಅತ್ಯಲ್ಪ ಎಣ್ಣೆಯಾದರೂ ಬೇಕು ಎಂಬುದನ್ನು ತಿಳಿಗನ್ನಡದ ಒಂದು ಪಟ್ಟಿಯಾಗಿ ಮುದ್ರಿಸಿ ಪ್ರತಿಯೊಂದು ಯಂತ್ರಶಾಲೆಯ ಗೋಡೆಗೂ ತಲಪಿಸಲಿ. ಸಣ್ಣವರು ತಮ್ಮ ತುಂಡನ್ನು ತಂದು ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಳ್ಳುವಂತೆ ಮಾಗಡಿ ರಸ್ತೆಯಲ್ಲಿಯೇ ಒಂದು ಪರೀಕ್ಷಾಪೀಠವಿರಲಿ. ಹೊಸ ಯಂತ್ರಗಳಿಗೆ ಸಹಾಯಧನ ನೀಡುವ ಸರ್ಕಾರಕ್ಕೆ ಇದು ಭಾರವಾದ ವೆಚ್ಚವಲ್ಲ. ಯಂತ್ರವನ್ನು ಕೊಟ್ಟು ಅದರ ಮರ್ಮವನ್ನು ಕೊಡದಿರುವುದು, ಎತ್ತನ್ನು ಕೊಟ್ಟು ಹಗ್ಗವನ್ನು ಇಟ್ಟುಕೊಂಡಂತೆ.