ಹೆಂಡತಿಯ ಹವ್ಯಾಸಕ್ಕೆ ಉಪಯೋಗ ಯಾಕಿರಬೇಕು?

ಮದುವೆ ಬಯೋಡೇಟಾದಲ್ಲಿ 'ಹವ್ಯಾಸಗಳು' ಅಂತ ಒಂದು ಸಾಲು ಇರುತ್ತಲ್ಲ, ಅದನ್ನು ಯಾರಾದರೂ ಸರಿಯಾಗಿ ಓದಿದ್ದೀರಾ? ಹುಡುಗರದ್ದು ಸಾಮಾನ್ಯವಾಗಿ ಹೀಗಿರುತ್ತೆ: ಕ್ರಿಕೆಟ್, ಟ್ರೆಕ್ಕಿಂಗ್, ಬೈಕ್ ಸವಾರಿ, ಫೋಟೋಗ್ರಫಿ. ಹುಡುಗಿಯರದ್ದು: ಅಡುಗೆ, ರಂಗೋಲಿ, ಕಸೂತಿ, ಹಾಡುವುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹುಡುಗನ ಪಟ್ಟಿಯಲ್ಲಿ ಇರೋದೆಲ್ಲ ಅವನನ್ನು ಮನೆಯಿಂದ ಆಚೆ ಕರೆದುಕೊಂಡು ಹೋಗುತ್ತೆ. ಹುಡುಗಿಯ ಪಟ್ಟಿಯಲ್ಲಿ ಇರೋದೆಲ್ಲ ಮನೆಯವರ ಉಪಯೋಗಕ್ಕೆ ಬರುತ್ತೆ. ಹಾಡು ಕೂಡ ಹಬ್ಬ, ಪೂಜೆಗೆ ಬೇಕಲ್ಲ! ಅವನು ಬರೆದಿರೋದು ಹವ್ಯಾಸ, ಅವಳು ಬರೆದಿರೋದು ಕೆಲಸಕ್ಕೆ ಹಾಕುವ ಅರ್ಜಿ.

ಗಂಡ ಹೆಂಡತಿಯ ಅಭಿರುಚಿ ಬೇರೆ ಬೇರೆ ಆದರೆ ಸಂಸಾರ ಹೇಗೆ ಅಂತ ನಮ್ಮ ವಾರಪತ್ರಿಕೆಗಳ ಆಪ್ತಸಲಹೆ ಅಂಕಣಗಳಲ್ಲಿ ಎಷ್ಟು ಬರೆದರೂ ಮುಗಿಯೋದಿಲ್ಲ. 'ಇಬ್ಬರೂ ಸೇರಿ ಒಂದು ಹವ್ಯಾಸ ಬೆಳೆಸಿಕೊಳ್ಳಿ', 'ಪತಿಯ ಆಸಕ್ತಿಯಲ್ಲಿ ನೀವೂ ಆಸಕ್ತಿ ತೋರಿಸಿ'.. ಅಲ್ಲಾ ಸ್ವಾಮಿ, ಅವನಿಗೆ ಕ್ರಿಕೆಟ್ ಇಷ್ಟ ಅಂತ ಅವಳು ಯಾಕೆ ಐದು ದಿನ ಟೆಸ್ಟ್ ಮ್ಯಾಚ್ ನೋಡಬೇಕು? ನನ್ನ ಪ್ರಕಾರ ಅಭಿರುಚಿ ಬೇರೆ ಇರೋದು ಸಮಸ್ಯೆಯೇ ಅಲ್ಲ. ಗಂಡನ ಹುಚ್ಚಿಗೆ ಯಾರೂ ಲೆಕ್ಕ ಕೇಳೋದಿಲ್ಲ, ಹೆಂಡತಿಯ ಹುಚ್ಚು ಮಾತ್ರ ಉಪಯೋಗದ ಸರ್ಟಿಫಿಕೇಟು ತೋರಿಸಬೇಕು. ಸಮಸ್ಯೆ ಇರೋದು ಅಲ್ಲಿ.

ಸ್ವಲ್ಪ ನನ್ನ ವಿಷಯ ಹೇಳಿಬಿಡುತ್ತೇನೆ. ನನ್ನೂರು ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಮೆಹಕರ. ಮಹಾರಾಷ್ಟ್ರದ ಗಡಿ ಹತ್ತಿರ, ಹಾಗಾಗಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡೋದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಹುಚ್ಚು ಅಂದರೆ ಹಳೇ ರೇಡಿಯೋ ರಿಪೇರಿ. ಮರ್ಫಿ, ಬುಷ್, ಫಿಲಿಪ್ಸ್, ಯಾವುದಾದರೂ ಸರಿ. ಕೆಟ್ಟುಹೋದ ಕೆಪಾಸಿಟರ್ ಕಿತ್ತು ಹೊಸದು ಬೆಸುಗೆ ಹಾಕಿ, ಡಯಲಿನ ದಾರ ಮತ್ತೆ ಸುತ್ತಿ, ಒಳಗಿಂದ ಗೊರ್ರ್ ಅಂತ ಮೊದಲ ಸದ್ದು ಬಂದಾಗ ಆಗುವ ಖುಷಿ ಇದೆಯಲ್ಲ, ಅದನ್ನು ಹೇಳೋಕೆ ಬರೋದಿಲ್ಲ. ಚಿಕ್ಕವಳಿದ್ದಾಗ ಊರಲ್ಲಿ ಕತ್ತಲಾದ ಮೇಲೆ ಗುಲ್ಬರ್ಗಾ, ಹೈದರಾಬಾದು, ಪರಭಣಿ ಎಲ್ಲಾ ಒಂದೇ ಮುಳ್ಳಿನ ಆಚೀಚೆ ಸಿಗುತ್ತಿದ್ದವು. ಹುಚ್ಚು ಹತ್ತಿದ್ದು ಆಗ.

ನನ್ನವರಿಗೆ ಬೈಕ್ ಅಂದರೆ ಪ್ರಾಣ. ತಿಂಗಳಲ್ಲಿ ಎರಡು ಭಾನುವಾರ ಗೆಳೆಯರ ಜೊತೆ ಎಲ್ಲಾದರೂ ಹೋಗಿ ಬರುತ್ತಾರೆ. ನನಗೆ ಬೈಕಿನ ಹಿಂದೆ ಕೂತರೆ ಬೆನ್ನುನೋವು ಬಿಟ್ಟು ಬೇರೇನೂ ಸಿಗೋದಿಲ್ಲ, ಅವರಿಗೆ ರೇಡಿಯೋ ಅಂದರೆ ಧೂಳು. ನಮ್ಮಿಬ್ಬರಿಗೆ ಇದರಿಂದ ಒಂದು ದಿನವೂ ತೊಂದರೆ ಆಗಿಲ್ಲ :-) ತೊಂದರೆ ಆಗೋದು ನೆಂಟರಿಗೆ! ಅವರ ಬೈಕ್ ನೋಡಿ "ಭಾರೀ ಅದ ಗಾಡಿ, ಎಷ್ಟು ಸಿಸಿ?" ಅಂತ ಕೇಳುತ್ತಾರೆ. ನನ್ನ ಮೇಜು ನೋಡಿ "ಇದರಿಂದ ಏನ್ ಫಾಯ್ದಾ ಅದ ಯವ್ವಾ? ಮಾರ್ತೀಯೇನು?" ಅಂತಾರೆ. ಆ ಬೈಕಿನಿಂದ ಏನು ಫಾಯ್ದಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಪೆಟ್ರೋಲು ಕುಡಿಯುತ್ತೆ, ಸರ್ವಿಸ್ ಕೇಳುತ್ತೆ, ಭಾನುವಾರ ನುಂಗುತ್ತೆ. ಆದರೆ ಅದು 'ಪ್ಯಾಶನ್'. ನನ್ನದು 'ಟೈಂಪಾಸ್'. ಇಬ್ಬರಿಗೂ ಸಂಬಳ ಬರುತ್ತೆ ಅನ್ನೋದು ನೆನಪಿರಲಿ.

ಇದು ನನ್ನೊಬ್ಬಳ ಗೋಳು ಅಂದುಕೊಂಡರೆ ನಮ್ಮ ಕಡೆ ಎಳ್ಳಮಾವಾಸ್ಯೆಗೆ ಒಮ್ಮೆ ಬನ್ನಿ. ಬೀದರ್, ಕಲಬುರಗಿ ಕಡೆಯವರಿಗೆ ಹೇಳಬೇಕಾಗಿಲ್ಲ. ಇಡೀ ಊರು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಉಣ್ಣುವ ಹಬ್ಬ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ.. ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರು. ಗಂಡಸರಿಗೆ ಅದು ವರ್ಷದ ಅತಿ ದೊಡ್ಡ ಮಜಾ. ಗಿಡದ ನೆರಳಲ್ಲಿ ಹರಟೆ, ಒಂದು ಕಡೆ ಇಸ್ಪೀಟು, ಒಂದು ಕಡೆ ನಿದ್ದೆ. ಆ ಭಜ್ಜಿಗೆ ಹಿಂದಿನ ದಿನವೇ ಕಾಳು ಬಿಡಿಸಿ, ಸೊಪ್ಪು ಸೋಸಿ, ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುಟ್ಟಿ ಕಟ್ಟಿ ಹೊಲಕ್ಕೆ ಹೊತ್ತು ತಂದವರು ಯಾರು? ಅವರು ಕೂರುವ ಹೊತ್ತಿಗೆ ಎಲ್ಲರದ್ದೂ ಊಟ ಆಗಿರುತ್ತೆ, ಅವರು ಉಂಡು ಏಳುವ ಹೊತ್ತಿಗೆ ಪಾತ್ರೆ ಕಾಯುತ್ತಿರುತ್ತವೆ. ಒಂದೇ ಹಬ್ಬ, ಒಂದೇ ಹೊಲ. ಅವನಿಗೆ ರಜೆ, ಅವಳಿಗೆ ಡಬಲ್ ಡ್ಯೂಟಿ. 'ಇಬ್ಬರೂ ಸೇರಿ ಮಾಡುವ ಹವ್ಯಾಸ' ಅನ್ನೋ ಸಲಹೆ ಬಹಳ ಮನೆಗಳಲ್ಲಿ ಹೀಗೇ ಮುಗಿಯುತ್ತೆ. ಟ್ರೆಕ್ಕಿಂಗ್ ಇಬ್ಬರದ್ದೂ, ಬ್ಯಾಗಿಗೆ ಚಪಾತಿ ತುಂಬೋದು ಮಾತ್ರ ಒಬ್ಬಳದ್ದು.

ಈಗ ಯಾರಾದರೂ ಹೇಳುತ್ತೀರಿ, ಹೆಂಗಸರಿಗೆ ಟೈಮ್ ಇಲ್ಲ ಅನ್ನೋದೆಲ್ಲ ಸುಳ್ಳು, ಸಂಜೆ ಧಾರಾವಾಹಿ ನೋಡೋರು ಯಾರು ಅಂತ. ಸರಿ, ಅಂಕಿ-ಅಂಶವನ್ನೇ ನೋಡೋಣ. ಕೇಂದ್ರ ಸರ್ಕಾರದ ಅಂಕಿ-ಅಂಶ ಇಲಾಖೆ 2024ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ಕೂಡ ಎಲ್ಲಾ ಗಂಡಸರ ಸರಾಸರಿ ಅಲ್ಲ, ಕೈಹಾಕುವವರದ್ದು ಮಾತ್ರ! 2019ರ ಸಮೀಕ್ಷೆಯಲ್ಲಿ ದಿನದಲ್ಲಿ ಸ್ವಲ್ಪವಾದರೂ ಮನೆಗೆಲಸ ಮಾಡಿದ ಗಂಡಸರು ನೂರಕ್ಕೆ 26 ಜನ, ಹೆಂಗಸರು 81.

ಅದೇ 2024ರ ಸಮೀಕ್ಷೆಯಲ್ಲಿ ಮನರಂಜನೆ, ಟಿವಿ, ಆಟ, ವಿರಾಮಕ್ಕೆ ಗಂಡಸರಿಗೆ 177 ನಿಮಿಷ, ಹೆಂಗಸರಿಗೆ 164. ನೋಡಿದಿರಾ, ಹದಿಮೂರೇ ನಿಮಿಷದ ವ್ಯತ್ಯಾಸ ಅಂತೀರಾ? ಇಲ್ಲೇ ಮೋಸ ಇರೋದು. ನಮ್ಮಲ್ಲಿ ಬಹಳ ಜನ ಕೋಡ್ ಬರೆಯುವವರು, ಹಾಗಾಗಿ ನಮ್ಮ ಭಾಷೆಯಲ್ಲೇ ಕೇಳುತ್ತೇನೆ. ದಿನಕ್ಕೆ ಮೂರು ಗಂಟೆ ಕೊಡುತ್ತೇನೆ, ಆದರೆ ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ, ಮಧ್ಯೆ ಮಧ್ಯೆ ಎದ್ದು ಹಾಲು ಉಕ್ಕಿತಾ ನೋಡಬೇಕು ಅಂದರೆ ನೀವು ಒಂದು ಬಗ್ ಹುಡುಕುತ್ತೀರಾ? ತಲೆಯಲ್ಲಿ ಕಟ್ಟಿಕೊಂಡಿದ್ದೆಲ್ಲ ಪ್ರತಿ ಸಲ ಉದುರಿಹೋಗುತ್ತೆ. ಬಟಾಣಿ ಬಿಡಿಸುತ್ತಾ ಧಾರಾವಾಹಿ ನೋಡಬಹುದು, ಯಾಕೆಂದರೆ ಅದನ್ನು ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು. ಬಟಾಣಿ ಬಿಡಿಸುತ್ತಾ ಸಿತಾರ್ ಕಲಿಯೋಕಾಗಲ್ಲ, ಕಾದಂಬರಿ ಬರೆಯೋಕಾಗಲ್ಲ. ಹೆಂಡತಿಗೆ ಸೀರಿಯಲ್ ಬಿಟ್ಟು ಬೇರೆ ಅಭಿರುಚಿ ಇಲ್ಲ ಅಂತ ಜೋಕು ಮಾಡುವ ಮೊದಲು, ಅವಳಿಗೆ ಯಾರೂ ಕರೆಯದ ಎರಡು ಗಂಟೆ ಕೊನೆಯ ಸಲ ಸಿಕ್ಕಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ.

ಹಾಗಂತ ಹೆಂಗಸರ ಹುಚ್ಚು ಸತ್ತುಹೋಗಿತ್ತು ಅಂತಲ್ಲ. ಅದು ಉಪಯೋಗದ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬದುಕಿತು. ನಮ್ಮ ಆಯಿ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ಧೋತರದ ತುಂಡು ಜೋಡಿಸಿ ಮಧ್ಯಾಹ್ನವೆಲ್ಲ ದಾರ ಎಳೆಯುತ್ತಿದ್ದಳು. ಚಳಿಗೆ ಬೇಕು, ಅದಕ್ಕೇ ಯಾರೂ ಬೇಡ ಅನ್ನಲಿಲ್ಲ. ಆದರೆ ಮೂಲೆಯಲ್ಲಿ ಕೆಂಪು ತುಂಡಿನ ಪಕ್ಕ ಹಳದಿಯೇ ಬರಬೇಕು ಅಂತ ಹಟ ಹಿಡಿದು, ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳಲ್ಲ, ಅದರಿಂದ ಕೌದಿ ಒಂದು ಗುಂಜಿಯಷ್ಟೂ ಹೆಚ್ಚು ಬೆಚ್ಚಗೆ ಆಗುತ್ತಿರಲಿಲ್ಲ. ಆ ಬಣ್ಣದ ಹಟವೇ ಅವಳ ಹವ್ಯಾಸ. ಬೀಸುವ ಕಲ್ಲಿನ ಪದಗಳೂ ಹಾಗೇ. ಹಾಡು ಹೇಳೋಕೆ ಬಿಡುವು ಸಿಗಲಿಲ್ಲ, ಅದಕ್ಕೆ ಜೋಳ ಬೀಸುವಾಗಲೇ ಹಾಡಿದರು. ನಾವು ಈಗ ಅದನ್ನು 'ಜಾನಪದ ಸಿರಿ' ಅಂತ ಹೊಗಳುತ್ತೇವೆ. ಹೊಗಳೋಣ, ಆದರೆ ಆ ಕೈಗೆ ಕಲ್ಲಿನ ಗೂಟ ಯಾಕಿತ್ತು ಅಂತಲೂ ಕೇಳೋಣ.

ಓದುವ ನಾವೇನು ಕಡಿಮೆ ಇಲ್ಲ. ತೇಜಸ್ವಿಯವರ ಹವ್ಯಾಸಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಮೀನು ಹಿಡಿಯೋದು, ಹಕ್ಕಿಗಳ ಫೋಟೋ, ಚಿತ್ರ ಬಿಡಿಸೋದು, ಕಂಪ್ಯೂಟರಿನಲ್ಲಿ ಕನ್ನಡ. ನನಗೂ ಅವರು ಇಷ್ಟ. ಅವರು 2007ರಲ್ಲಿ ತೀರಿಕೊಂಡರು. ರಾಜೇಶ್ವರಿಯವರು ಬರೆದ 'ನನ್ನ ತೇಜಸ್ವಿ' ನಮ್ಮ ಕೈಗೆ ಬಂದದ್ದು ಆಮೇಲೆ. ಅಷ್ಟು ಚೆನ್ನಾಗಿ ಬರೆಯಬಲ್ಲವರು ಅದೇ ಮನೆಯಲ್ಲಿದ್ದಾರೆ ಅಂತ ಅದಕ್ಕೂ ಮೊದಲು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೆವು? ಇದು ಆ ದಂಪತಿಗಳ ಮೇಲಿನ ದೂರು ಅಲ್ಲ. ಅವರ ಮನೆಯೊಳಗಿನ ವಿಚಾರ ಅವರದ್ದು. ನನ್ನ ದೂರು ಓದುಗರ ಮೇಲೆ. ಗಂಡನ ಹುಚ್ಚುಗಳನ್ನು ದಂತಕಥೆ ಮಾಡುವ ನಾವು ಹೆಂಡತಿಗೆ ಏನು ಇಷ್ಟ ಅಂತ ಕೇಳುವ ಗೋಜಿಗೂ ಹೋಗೋದಿಲ್ಲ.

ನಮ್ಮ ಸಂಸ್ಕೃತಿಯಲ್ಲಿ ಹೆಂಡತಿಯ ಆಸಕ್ತಿ ಗಂಡನ ಆಸಕ್ತಿಯಲ್ಲೇ ಸೇರಿಕೊಂಡಿದೆ ಅನ್ನೋರೂ ಇದ್ದಾರೆ. ಯಾವ ಸಂಸ್ಕೃತಿ ಸ್ವಾಮಿ? ಕಲ್ಯಾಣ ಇರೋದು ನಮ್ಮ ಬೀದರ್ ಜಿಲ್ಲೆಯಲ್ಲೇ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯನೂ ವಚನ ಬರೆದ, ಹೆಂಡತಿ ಲಕ್ಕಮ್ಮನೂ ಬರೆದಳು. ಮೋಳಿಗೆ ಮಾರಯ್ಯನೂ ಬರೆದ, ಹೆಂಡತಿ ಮಹಾದೇವಿಯೂ ಬರೆದಳು. ಬಸವಣ್ಣನವರ ಹೆಂಡತಿಯರಾದ ಗಂಗಾಂಬಿಕೆ, ನೀಲಾಂಬಿಕೆಯರ ವಚನಗಳೂ ಇವೆ. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರಿದೆ, ನಿಜ. ಆದರೆ ವಚನ ಅವಳದ್ದೇ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ಇದು ಆಸೆ, ವಾಪಸ್ ಸುರಿದು ಬಾ ಅಂತ ಹೇಳಿದವಳು ಅವಳು. ಎಂಟುನೂರು ವರ್ಷಕ್ಕೂ ಹಿಂದೆ ಅಕ್ಕಿ ಆಯುವವನ ಮನೆಯಲ್ಲಿ ಸಾಧ್ಯವಾದದ್ದು ಇವತ್ತು ಇಬ್ಬರೂ ದುಡಿಯುವ, ಮಿಕ್ಸಿ, ವಾಷಿಂಗ್ ಮಷೀನ್ ಇರುವ ಫ್ಲಾಟಿನಲ್ಲಿ ಸಾಧ್ಯವಿಲ್ಲ ಅಂದರೆ ಅದನ್ನು ಸಂಸ್ಕೃತಿ ಅನ್ನಬೇಡಿ, ಸೋಮಾರಿತನ ಅನ್ನಿ.

ಇನ್ನೊಂದು ವಾದ ನನ್ನಂಥ ಹುಡುಗಿಯರ ಬಾಯಲ್ಲೂ ಕೇಳುತ್ತೇನೆ: "ನನ್ನ ಕೇಕ್ ಮಾಡುವ ಹವ್ಯಾಸದಿಂದ ಈಗ ಸ್ವಲ್ಪ ಆದಾಯವೂ ಬರ್ತಿದೆ, ಮನೆಯವರು ಒಪ್ಪಿದ್ದಾರೆ." ದುಡಿಯೋದು ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಅವರು ಒಪ್ಪಿದ್ದು ಆದಾಯವನ್ನು, ಹವ್ಯಾಸವನ್ನಲ್ಲ. ಯಾರಿಗೂ ಮಾರದ, ಯಾರೂ ತಿನ್ನದ, ಯಾರೂ ಹೊದೆಯದ ಏನನ್ನಾದರೂ ಮಾಡುತ್ತಾ ಕೂರಿ. ಆಗ ಗೊತ್ತಾಗುತ್ತೆ ಎಷ್ಟು ಒಪ್ಪಿದ್ದಾರೆ ಅಂತ!

ಹಾಗಾದರೆ ಏನು ಮಾಡಬೇಕು? ಗಂಡಂದಿರೇ, ಹೆಂಡತಿಯ ಹವ್ಯಾಸವನ್ನು ನೀವು ಇಷ್ಟಪಡಬೇಕಾಗಿಲ್ಲ. ವಾಹ್ ವಾಹ್ ಅನ್ನಬೇಕಾಗಿಲ್ಲ, ಫೋಟೋ ತೆಗೆದು ಹಾಕಬೇಕಾಗಿಲ್ಲ. ವಾರದಲ್ಲಿ ಒಂದು ದಿನ ನಾಲ್ಕು ಗಂಟೆ ಮನೆ ನಿಮ್ಮದು. ಅಡುಗೆ, ಮಗು, ಬಾಗಿಲು ಬಡಿಯುವ ಕೊರಿಯರ್, ನಿಮ್ಮಮ್ಮನ ಮಾತ್ರೆ, ಎಲ್ಲಾ. ಜೀರಿಗೆ ಡಬ್ಬಿ ಎಲ್ಲಿದೆ ಅಂತ ಕೇಳೋಕೂ ಅವಳನ್ನು ಕರೆಯುವಂತಿಲ್ಲ. ನಿಮ್ಮ ಹವ್ಯಾಸಕ್ಕೆ ತಿಂಗಳಿಗೆ ಎಷ್ಟು ಖರ್ಚಾಗುತ್ತೋ ಅಷ್ಟೇ ಅವಳದ್ದಕ್ಕೂ ಎತ್ತಿಡಿ, ರಸೀದಿ ಕೇಳಬೇಡಿ. ಹೆಂಡತಿಯರೇ, ನೀವೂ ಅಷ್ಟೆ. ಯಾರಾದರೂ 'ಇದರಿಂದ ಏನು ಪ್ರಯೋಜನ' ಅಂದರೆ ತಡವರಿಸಿ ಏನೋ ಒಂದು ಪ್ರಯೋಜನ ಹುಡುಕಿ ಹೇಳೋಕೆ ಹೋಗಬೇಡಿ. ಮನಸ್ಸಿಗೆ ನೆಮ್ಮದಿ, ಮಕ್ಕಳಿಗೆ ಮಾದರಿ ಅಂತೆಲ್ಲ ಬೇಡವೇ ಬೇಡ. 'ಏನೂ ಇಲ್ಲ, ನನಗೆ ಇಷ್ಟ' ಅನ್ನಿ. ಬೈಕ್ ಓಡಿಸುವವರು ಇಷ್ಟು ವರ್ಷ ಹೇಳಿಕೊಂಡು ಬಂದಿರೋದು ಅದನ್ನೇ.

ಬಯೋಡೇಟಾ ಬರೆಯುತ್ತಿರುವ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಆ ಸಾಲಿನಲ್ಲಿ ಮನೆಗೆ ಉಪಯೋಗಕ್ಕೆ ಬಾರದ ಒಂದನ್ನಾದರೂ ಬರೆಯಿರಿ, ಆಮೇಲೆ ಬರುವ ಪ್ರಶ್ನೆಗಳನ್ನು ಕೇಳಿ. ಬರುವವನ ಬಗ್ಗೆ ಜಾತಕಕ್ಕಿಂತ ಹೆಚ್ಚು ಗೊತ್ತಾಗುತ್ತೆ.

ಬೈಯೋರು ಬೈಯಬಹುದು, ಒಪ್ಪೋರು ನಿಮ್ಮ ಉಪಯೋಗವಿಲ್ಲದ ಹವ್ಯಾಸ ಯಾವುದು ಅಂತ ಬರೆಯಿರಿ. ಮನೆಯಲ್ಲಿ ಕೆಟ್ಟ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮೊದಲು ನನಗೊಂದು ಮಾತು ಹೇಳಿ :-)