ಕಿಟೆಲ್ ನಿಘಂಟು ಉತ್ತರವಲ್ಲ

ಡಿಸೆಂಬರ್ 6ಕ್ಕೆ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಏನು ನಡೆಯುತ್ತೆ ಅಂತ ಈ ಕಡೆಯವರಿಗೆ ಗೊತ್ತಿರುತ್ತೆ. ಅವತ್ತು ಅಂಬೇಡ್ಕರ್ ಅವರ ಪರಿನಿರ್ವಾಣ ದಿನ. ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಹಲವು ವರ್ಷಗಳಿಂದ ಅಲ್ಲಿ ಕಾರ್ಯಕ್ರಮ ಮಾಡ್ತಾ ಬಂದಿದೆ. ಭಾಷಣವೂ ಅಲ್ಲೇ, ಊಟವೂ ಅಲ್ಲೇ. ಅವರು ರಾತ್ರಿ ಅಲ್ಲೇ ಮಲಗಿ ಬೆಳಗು ಮಾಡಿದ್ದೂ ಉಂಟು. ದೆವ್ವ, ಮೈಲಿಗೆ, ಅಪಶಕುನ ಎಲ್ಲ ತಲೆಯೊಳಗಿನ ಕಸ, ತೆಗೆದು ಹಾಕಿ ಅನ್ನೋದು ಸಂದೇಶ.

ನಾನು ಕ್ರೈಸ್ತ. ಖಾನಾಪುರ ತಾಲ್ಲೂಕಿನವನು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಈ ಕಾರ್ಯಕ್ರಮ ನನಗೆ ಇಷ್ಟ. ಯಾಕಂದ್ರೆ ಅದಕ್ಕೆ ಒಂದು ತಿಂಗಳ ಮೊದಲು, ನವೆಂಬರ್ 2ಕ್ಕೆ, ನಮ್ಮವರೂ ಹೀಗೇ ಸಮಾಧಿಗಳ ನಡುವೆ ಇರ್ತಾರೆ. ಸಕಲ ಮೃತರ ದಿನ. ಸಮಾಧಿ ತೊಳೆದು, ಚೆಂಡುಹೂ ಇಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾರೆ. ಕತ್ತಲಾದ್ರೂ ಮಕ್ಕಳು ಅಲ್ಲೇ ಓಡಾಡ್ಕೊಂಡಿರ್ತವೆ, ಯಾರೂ ಬೈಯೋದಿಲ್ಲ.

ಎರಡೂ ಗುಂಪಿಗೆ ಸ್ಮಶಾನದ ಭಯ ಇಲ್ಲ. ಆದರೆ ಕಾರಣ ಬೇರೆ. ಸತ್ತವರು ಸತ್ತರು, ಅಲ್ಲಿ ಯಾರೂ ಇಲ್ಲ, ಹೆದರೋದು ಯಾಕೆ ಅಂತಾರೆ ವಿಚಾರವಾದಿಗಳು. ಸತ್ತವರ ಕಥೆ ಅಲ್ಲಿಗೆ ಮುಗಿದಿಲ್ಲ, ಹೆದರೋದು ಯಾಕೆ ಅಂತೀವಿ ನಾವು. ಇಬ್ಬರೂ ಸರಿ ಇರೋಕೆ ಸಾಧ್ಯ ಇಲ್ಲ. ಒಬ್ಬರದ್ದು ತಪ್ಪಿರಲೇಬೇಕು.

ಇಷ್ಟನ್ನು ಬಾಯಿಬಿಟ್ಟು ಹೇಳೋಕೆ ನನ್ನ ವಯಸ್ಸಿನ ಕ್ರೈಸ್ತರು ಹಿಂಜರೀತಾರೆ. ಕ್ರಿಸ್‌ಮಸ್ ಕೇಕ್ ಹಂಚ್ತೀವಿ, ಸ್ಟೇಟಸ್‌ನಲ್ಲಿ ನಕ್ಷತ್ರ ಹಾಕ್ತೀವಿ. ಯಾರಾದ್ರೂ ನಿಜವಾಗಿ ಪ್ರಶ್ನೆ ಕೇಳಿದ ಕೂಡಲೇ ಮಾತು ಬದಲಾಯಿಸ್ತೀವಿ.

ಪ್ರಶ್ನೆಗಳಲ್ಲಿ ಎರಡು ಥರ. ಖಾನಾಪುರದ ಚಹಾ ಅಂಗಡಿಯಲ್ಲಿ ದೇವರು ಇದ್ದಾನಾ ಅಂತ ಯಾರೂ ಕೇಳೋದಿಲ್ಲ. ‘ನಿಮ್ಮವರು ಯಾವಾಗ ಆ ಕಡೆ ಹೋದ್ರು?’ ಅಂತ ಕೇಳ್ತಾರೆ. ಬೆಂಗಳೂರಿನ ಕ್ಯಾಂಟೀನಿನಲ್ಲಿ ಇದು ಉಲ್ಟಾ. ‘ಅಲ್ಲಪಾ, ದಿನಾ ಲಾಗ್ ನೋಡಿ ಬಗ್ ಹುಡುಕೋನು ನೀನು. ಸತ್ತ ಮನುಷ್ಯ ಮೂರನೇ ದಿನ ಎದ್ದು ಬಂದ ಅಂದ್ರ ಹೆಂಗ ನಂಬ್ತೀಯೋ?’

ಮೊದಲ ಪ್ರಶ್ನೆಯ ಇಂಟರ್ನೆಟ್ ಅವತಾರ ನಿಮಗೂ ಗೊತ್ತು: ‘ರೈಸ್ ಬ್ಯಾಗ್’. ಒಂದು ಚೀಲ ಅಕ್ಕಿಗೆ ಧರ್ಮ ಮಾರಿಕೊಂಡವರು ಅಂತ. ಖಾನಾಪುರದ ಮಂದಿಗೆ ಇದನ್ನು ಕೇಳಿದ್ರೆ ಸ್ವಲ್ಪ ನಗು ಬರುತ್ತೆ. ಮಳೆ ಸುರಿಯೋ, ಭತ್ತ ಬೆಳೆಯೋ ತಾಲ್ಲೂಕು ನಮ್ಮದು. ನಮಗೆ ಅಕ್ಕಿಯ ಆಮಿಷ ಅಂದ್ರೆ ಮಂಗಳೂರಿನವರಿಗೆ ಮೀನಿನ ಆಮಿಷ ತೋರಿಸಿದ ಹಾಗೆ. ತಮಾಷೆ ಬಿಡಿ. ಎಲ್ಲೋ ಒಬ್ಬರ ಮುತ್ತಜ್ಜ ಹಸಿದಿದ್ದಾಗ ಅಕ್ಕಿ ಕೊಟ್ಟವರ ದೇವರನ್ನು ನೋಡೋಣ ಅಂತ ಹೋಗಿದ್ರೆ, ನಾಚಿಕೆ ಪಡಬೇಕಾದವನು ಆ ಮುತ್ತಜ್ಜ ಅಲ್ಲ. ಅವನನ್ನು ಅಷ್ಟು ಹಸಿದಿಟ್ಟ ಊರು.

ಇಂಥ ಪ್ರಶ್ನೆ ಬಂದಾಗ ನಮ್ಮವರ ಬಳಿ ಒಂದು ರೆಡಿಮೇಡ್ ಉತ್ತರ ಇರುತ್ತೆ. ಕಿಟೆಲ್! 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು, ಸುಮಾರು 70,000 ಪದ. ಹಿಂದೆಯೇ ಮೋಗ್ಲಿಂಗ್, 1843ರ ‘ಮಂಗಳೂರ ಸಮಾಚಾರ’. ಆಮೇಲೆ ನಮ್ಮ ಬೆಳಗಾವಿ: 1820ರಲ್ಲಿ ಬಂದ ಲಂಡನ್ ಮಿಶನ್, ಆ ಮಿಶನರಿಗಳ ಹೆಸರಿನಲ್ಲಿ ಇವತ್ತಿಗೂ ನಡೆಯೋ ಬೆನನ್ ಸ್ಮಿತ್ ಶಾಲೆ, 1856ರ ಸೇಂಟ್ ಪಾಲ್ಸ್. ಸಿಸ್ಟರ್‌ಗಳ ಆಸ್ಪತ್ರೆಗಳು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸ್ತೀವಿ.

ಎಲ್ಲ ನಿಜ. ಹೆಮ್ಮೆಯೂ ಇದೆ. ಆದರೆ ಇದು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ. ಅವರು ಕೇಳಿದ್ದು ‘ನಿಮ್ಮ ನಂಬಿಕೆ ನಿಜವಾ?’ ಅಂತ. ನಾವು ಹೇಳಿದ್ದು ‘ನಮ್ಮಿಂದ ಉಪಯೋಗ ಆಗಿದೆ’ ಅಂತ. ಸುಳ್ಳು ನಂಬಿದವರೂ ಒಳ್ಳೇ ಶಾಲೆ ಕಟ್ಟಬಹುದು. ನಾಸ್ತಿಕರು ಕಟ್ಟಿದ ಒಳ್ಳೇ ಸಂಸ್ಥೆಗಳೂ ಇವೆ. ಜೊತೆಗೆ, ಸೇವೆಯ ಪಟ್ಟಿ ಹಿಡಿದು ನಿಲ್ಲೋದರಲ್ಲಿ ಬಾಡಿಗೆಮನೆಯವನ ದೈನ್ಯ ಇದೆ: ನೋಡ್ರಿ, ನಿಮ್ಮ ಮನೆಗೆ ಬಣ್ಣ ಹಚ್ಚಿಸಿದೀವಿ, ದಯವಿಟ್ಟು ಇರೋಕೆ ಬಿಡ್ರಿ. ಈ ನೆಲದಲ್ಲಿ ಇರೋದಕ್ಕೆ ನಾನು ಯಾರಿಗೂ ನಿಘಂಟು ತೋರಿಸಬೇಕಾಗಿಲ್ಲ.

ಸ್ವತಃ ಕಿಟೆಲ್ ಬಂದದ್ದೂ ನಿಘಂಟು ಮಾಡೋಕೆ ಅಲ್ಲ. ಯೇಸುವಿನ ಕಥೆ ಹೇಳೋಕೆ. ಅದನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಅಂತ ಬರೆದ. ನಿಘಂಟನ್ನು ತಲೆ ಮೇಲೆ ಹೊತ್ತು ಮೆರೆಸಿದ ಕನ್ನಡಿಗರು ‘ಕಥಾಮಾಲೆ’ಯನ್ನು ಪೂರ್ತಿ ಮರೆತರು. ಹೋಗಲಿ, ಕ್ರೈಸ್ತರಾದರೂ ಎಷ್ಟು ಜನ ಓದಿದ್ದೇವೆ?

ಸರಿ, ಹಾಗಾದ್ರೆ ಕ್ಯಾಂಟೀನಿನ ಪ್ರಶ್ನೆಗೆ ನೇರ ಉತ್ತರ ಏನು?

ಕ್ರೈಸ್ತ ನಂಬಿಕೆ ಒಂದು ಘಟನೆಯ ಮೇಲೆ ನಿಂತಿದೆ. ಇದು ಅದರ ಶಕ್ತಿ, ಅಪಾಯವೂ ಇದೇ. ‘ಎಲ್ಲ ದಾರಿಯೂ ಒಂದೇ, ಮನಸ್ಸು ಶುದ್ಧ ಇದ್ರೆ ಸಾಕು’ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಸಂತ ಪೌಲ ನಮಗೆ ಬಾಗಿಲೇ ಬಿಟ್ಟಿಲ್ಲ. ಯೇಸು ಎದ್ದಿಲ್ಲ ಅಂದ್ರೆ ನಮ್ಮ ನಂಬಿಕೆ ಪೊಳ್ಳು, ನಮ್ಮಷ್ಟು ಪಾಪದವರು ಬೇರೆ ಯಾರೂ ಇಲ್ಲ ಅನ್ನೋ ಅರ್ಥದಲ್ಲಿ ಕೊರಿಂಥದವರಿಗೆ ಬರೆದ. ತನ್ನ ಸಿಸ್ಟಂ ಎಲ್ಲಿ ಹೊಡೆದರೆ ಬೀಳುತ್ತೆ ಅಂತ ತಾನೇ ಬರೆದಿಟ್ಟ ಮನುಷ್ಯ. ಎಂಜಿನಿಯರ್ ಆಗಿ ನನಗೆ ಪೌಲನ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ.

ಆ ಪತ್ರವನ್ನು ಬರೆದದ್ದು ಕ್ರಿ.ಶ. 50ರ ದಶಕದ ನಡುವಿನಲ್ಲಿ ಅಂತ ವಿದ್ವಾಂಸರು ಸಾಮಾನ್ಯವಾಗಿ ಒಪ್ತಾರೆ. ಅಂದ್ರೆ ಶಿಲುಬೆಯ ಘಟನೆಯಾಗಿ ಇಪ್ಪತ್ತು ಚಿಲ್ಲರೆ ವರ್ಷ. ನಮಗೆ 2000ನೇ ಇಸವಿ ಇದ್ದಷ್ಟು ಹತ್ತಿರ. ಅದರಲ್ಲಿ ಕಂಡವರ ಪಟ್ಟಿ ಇದೆ. ಐನೂರಕ್ಕೂ ಹೆಚ್ಚು ಜನ ನೋಡಿದ್ರು, ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಇದೆ. ಯೇಸುವನ್ನು ಪೊಂತ್ಯ ಪಿಲಾತನ ಕಾಲದಲ್ಲಿ ಕೊಂದದ್ದನ್ನು ಕ್ರೈಸ್ತರನ್ನು ಕಂಡರೆ ಆಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಅನ್ನುತ್ತವೆ ಶುಭಸಂದೇಶಗಳು. ಹೆಂಗಸರ ಸಾಕ್ಷಿಗೆ ಹೆಚ್ಚು ಬೆಲೆ ಇಲ್ಲದ ಕಾಲ ಅದು. ಕಥೆ ಕಟ್ಟುವವರು ಮಗ್ದಲದ ಮರಿಯಳನ್ನು ಮೊದಲ ಸಾಕ್ಷಿ ಮಾಡ್ತಿರಲಿಲ್ಲ, ಊರ ದೊಡ್ಡವರನ್ನು ತರ್ತಿದ್ರು. ಯೇಸುವಿನ ಸಹೋದರ ಯಾಕೋಬ ಮೊದಲು ಅವನನ್ನು ನಂಬಿರಲಿಲ್ಲ. ಪೌಲನಂತೂ ಈ ಪಂಥವನ್ನು ಹುಡುಕಿ ಹೊಡೀತಿದ್ದವನು. ಇಬ್ಬರೂ ತಿರುಗಿದರು.

ಇದು ಪುರಾವೆನಾ? ಗಣಿತದ ಅರ್ಥದಲ್ಲಿ ಖಂಡಿತ ಅಲ್ಲ. ಮತ್ತೆ ರನ್ ಮಾಡಿ ತೋರಿಸೋಕೆ ಆಗೋದಿಲ್ಲ. ಪವಾಡ ನಡೆಯಿತು ಅನ್ನೋದಕ್ಕಿಂತ ಸಾಕ್ಷಿ ಹೇಳಿದವರು ತಪ್ಪಿದರು ಅನ್ನೋದೇ ಯಾವತ್ತೂ ಹೆಚ್ಚು ಸಂಭವ ಅಂತ ಡೇವಿಡ್ ಹ್ಯೂಮ್ 1748ರಲ್ಲೇ ವಾದಿಸಿದ. ಅದು ಗಟ್ಟಿ ವಾದ. ಆದರೆ ದೇವರು ಇಲ್ಲ ಅಂತ ಮೊದಲೇ ತೀರ್ಮಾನಿಸಿದವರಿಗೆ ಮಾತ್ರ ಅದು ಪೂರ್ತಿ ಕೆಲಸ ಮಾಡುತ್ತೆ. ದೇವರು ಇರಬಹುದು ಅಂತ ಒಂದು ಕಿಟಕಿ ತೆರೆದಿಟ್ಟವರು ಸಾಕ್ಷಿಗಳನ್ನು ಒಂದೊಂದಾಗಿ ಕೂತು ಕೇಳಲೇಬೇಕಾಗುತ್ತೆ. ನಾನು ಕೇಳಿದೆ. ಭ್ರಮೆ ಅಂದ್ರೂ, ಮೋಸ ಅಂದ್ರೂ, ನಿಧಾನಕ್ಕೆ ಬೆಳೆದ ಕಟ್ಟುಕಥೆ ಅಂದ್ರೂ ಎಲ್ಲೋ ಒಂದು ಎಳೆ ಹೊರಗೆ ಉಳೀತದೆ. ‘ಎದ್ದ’ ಅನ್ನೋದರಲ್ಲಿ ಕಷ್ಟ ಒಂದೇ. ಅದು ತುಂಬ ದೊಡ್ಡದು.

ನನಗೆ ನಿಜವಾಗಿ ಉತ್ತರ ಇಲ್ಲದ ಪ್ರಶ್ನೆ ಬೇರೆ ಇದೆ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದವು. ಸಿಮೆಂಟಿನ ಮನೆ ತಡೆದುಕೊಂಡಿತು, ಬಿದ್ದದ್ದು ಹೆಚ್ಚಾಗಿ ಮಣ್ಣಿನ ಗೋಡೆ. ನಿನ್ನ ದೇವರು ಒಳ್ಳೆಯವನಾದ್ರೆ ಬಡವರ ಗೋಡೆಯನ್ನೇ ಯಾಕೆ ಕೆಡವಿದ? ದೇವರ ಯೋಜನೆ, ಪರೀಕ್ಷೆ, ಪಾಪದ ಫಲ ಅಂತೆಲ್ಲ ಹೇಳುವವರು ಚರ್ಚಿನಲ್ಲೂ ಇದ್ದಾರೆ. ದಯವಿಟ್ಟು ಹೇಳಬೇಡಿ. ನಾನು ಪೂಜಿಸುವ ದೇವರು ಯಾಕೆ ಅಂತ ವಿವರಿಸಲಿಲ್ಲ, ಶಿಲುಬೆ ಮೇಲೆ ಅದನ್ನೇ ಅನುಭವಿಸಿದ ಅಂತಷ್ಟೇ ನಾನು ಹೇಳಬಲ್ಲೆ. ನನಗೆ ಅದು ಸಾಕಾಗುತ್ತೆ. ಮನೆ ಕಳಕೊಂಡವರಿಗೆ ಸಾಕಾಗಬೇಕು ಅಂತ ಹೇಳೋ ಹಕ್ಕು ನನಗಿಲ್ಲ.

ಇತಿಹಾಸದ ಪ್ರಶ್ನೆಗೂ ನೇರವಾಗಿ ಹೌದು ಅನ್ನಬೇಕು. ನಮ್ಮ ಘಟ್ಟ ಇಳಿದರೆ ಗೋವಾ. ಅಲ್ಲಿ 1560ರಲ್ಲಿ ಶುರುವಾದ ಧರ್ಮವಿಚಾರಣೆಯ ನ್ಯಾಯಾಲಯ ಪೂರ್ತಿ ಮುಚ್ಚಿದ್ದು 1812ರಲ್ಲಿ. ಅದರ ಕೈಗೆ ಸಿಕ್ಕು ನರಳಿದವರಲ್ಲಿ ಹೊಸದಾಗಿ ಕ್ರೈಸ್ತರಾದ ಕೊಂಕಣಿಗರೇ ಬೇಕಾದಷ್ಟು. ನನ್ನ ಮನೆಮಾತನ್ನು ಮೆಟ್ಟಿದವರು ನನ್ನ ದೇವರ ಹೆಸರು ಹೇಳಿಯೇ ಮೆಟ್ಟಿದರು. ಚರ್ಚಿನ ಬೆಂಚುಗಳಲ್ಲಿ ಜಾತಿ ಇನ್ನೂ ಕೂತಿದೆ ಅನ್ನೋದೂ ನಿಜ. ಇವನ್ನು ಮುಚ್ಚಿಟ್ಟು ನಂಬಿಕೆ ಉಳಿಸೋಕೆ ಹೊರಟರೆ ಉಳಿಯೋದು ನಂಬಿಕೆ ಅಲ್ಲ, ಬರೀ ಸಂಸ್ಥೆ.

ಬೈಲಹೊಂಗಲದ ಹತ್ತಿರ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ವಿರಕ್ತಮಠ ಅಂತಲೇ ಹೆಸರಿಟ್ಟು, ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ಇದ್ದಾರೆ. ಜನ ಸ್ವಾಮೀಜಿ ಅಂತಲೇ ಕರೀತಾರೆ. ಕಾವಿ ಉಟ್ಟರೆ ವೇಷ ಅಂತಾರೆ, ಬಿಳಿ ನಿಲುವಂಗಿ ತೊಟ್ಟರೆ ವಿದೇಶಿ ಅಂತಾರೆ. ಮೂರನೇ ಬಣ್ಣ ಯಾವುದು ಅಂತ ಯಾರೂ ಹೇಳಿಲ್ಲ.

ಈಗ ನಮ್ಮ ಹಿಂಜರಿಕೆಯ ನಿಜವಾದ ಕಾರಣಕ್ಕೆ ಬರ್ತೀನಿ. 2021ರ ಡಿಸೆಂಬರಿನಲ್ಲಿ ಮತಾಂತರದ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು ಇಲ್ಲೇ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. 2022ರಲ್ಲಿ ಕಾನೂನಾಯಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಅದರಲ್ಲಿ ಬಂತು. ‘ಆಮಿಷ’ದ ವ್ಯಾಖ್ಯೆಯಲ್ಲಿ ದುಡ್ಡು, ಉಡುಗೊರೆ ಜೊತೆ ಉತ್ತಮ ಜೀವನಶೈಲಿ, ದೈವಕೋಪ ಅನ್ನೋ ಮಾತೂ ಸೇರಿತು. ದುಡ್ಡು ಕೊಟ್ಟು ಮತಾಂತರ ಮಾಡೋದು ಅಸಹ್ಯ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಯಾಕೆ ನಂಬ್ತೀನಿ ಅಂತ ಕೇಳಿದವರಿಗೆ ಪ್ರಾಮಾಣಿಕವಾಗಿ ಹೇಳಿದೆ, ಕೇಳಿದವರಿಗೆ ಹೌದಲ್ಲ ಅನ್ನಿಸಿತು ಅಂದುಕೊಳ್ಳಿ. ಅದು ಏನು? ನೀವು ಆಫೀಸಿನಲ್ಲಿ ಬುದ್ಧನ ಬಗ್ಗೆ, ಮಾರ್ಕ್ಸ್ ಬಗ್ಗೆ, ಕೀಟೋ ಡಯಟ್ ಬಗ್ಗೆ ಜನರ ಮನಸ್ಸು ಬದಲಾಯಿಸಬಹುದು. ನಾನು ಬಾಯಿ ತೆರೆಯೋ ಮೊದಲು ಎಚ್‌ಆರ್ ನೆನಪಾಗ್ತಾರೆ.

ಅದಕ್ಕೇ ವಿಚಾರವಾದಿಗಳು ನನಗೆ ಎದುರಾಳಿ ಅನ್ನಿಸೋದೇ ಇಲ್ಲ. ಬೆಳಗಾವಿಯಿಂದ ಎರಡು ತಾಸಿನೊಳಗಿನ ದಾರಿ ಧಾರವಾಡ. ಅಲ್ಲಿ 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದ ಮೇಲೆ ಉತ್ತರ ಹೇಳುವವರ ಬಾಯಿ ತೆರೆದಿರುತ್ತೆ ಅಂತ ಅಂದುಕೊಳ್ಳೋದು ಮೂರ್ಖತನ.

ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಮಾಡೋ ಒಬ್ಬಾಕೆ ಇದ್ದಾಳೆ. ಲಿಂಗಾಯತ ಮನೆತನ, ವಚನ ಅಂದ್ರೆ ಪ್ರಾಣ, ದೇವರನ್ನು ಮಾತ್ರ ನಂಬೋದಿಲ್ಲ. ಮೇಲಿನದೆಲ್ಲ ಕೇಳಿ ಅವಳು ಅಂದಳು: ‘ಸಾಯೋಕೂ ತಯಾರಾಗಿದ್ರು ಅಂತ ನಿಮ್ಮ ಸಾಕ್ಷಿಗಳನ್ನ ನಂಬಬೇಕಂದ್ರ, ಕಲ್ಯಾಣದೊಳಗ ಹರಳಯ್ಯ, ಮಧುವರಸನೂ ಜೀವ ಕೊಟ್ರಲ್ಲ?’

ನಾನು ಹೇಳಿದೆ, ಜೀವ ಕೊಟ್ಟರೆ ಪ್ರಾಮಾಣಿಕತೆ ಗೊತ್ತಾಗುತ್ತೆ, ಸತ್ಯ ಗೊತ್ತಾಗೋದಿಲ್ಲ. ಶರಣರು ಸಮಾನತೆ ಅನ್ನೋ ಒಂದು ಮೌಲ್ಯಕ್ಕೆ ಪ್ರಾಣ ಕೊಟ್ಟರು, ಅದು ನಿಜ ಅಂತ ನಾನೂ ಒಪ್ತೀನಿ. ಪೌಲ, ಯಾಕೋಬ ‘ಕಣ್ಣಾರೆ ಕಂಡೆವು’ ಅನ್ನೋ ಘಟನೆಗೆ ನಿಂತರು. ಎರಡೂ ಬೇರೆ ಥರದ ಮಾತು.

ಅವಳು ಬಿಡಲಿಲ್ಲ. ‘ಹರಿಹರನ ರಗಳೆಯೊಳಗ ಬಸವಣ್ಣನ ಪವಾಡ ಅದಾವ. ಹರಿಹರನೂ ಬಸವಣ್ಣ ಹೋಗಿ ಭಾಳ ಶತಮಾನ ಆದಮ್ಯಾಗ ಬರೆದವ ಅಲ್ಲ. ಅವನ್ನ ನಾ ನಂಬಂಗಿಲ್ಲ, ನೀನೂ ನಂಬಂಗಿಲ್ಲ. ನಿಂದೊಂದನ್ನ ಯಾಕ ನಂಬಬೇಕು?’

ಹ್ಯೂಮ್‌ಗಿಂತ ಈ ಪ್ರಶ್ನೆ ನನಗೆ ಹೆಚ್ಚು ಕಷ್ಟದ್ದು. ಓದದೆ ಉತ್ತರ ಹೇಳೋದು ಸರಿಯಲ್ಲ ಅಂದೆ. ಈಗ ರಾತ್ರಿ ಊಟ ಆದಮೇಲೆ ದಿನಕ್ಕೆ ಎರಡು ಪುಟ ‘ಬಸವರಾಜದೇವರ ರಗಳೆ’ ಓದ್ತಿದ್ದೀನಿ. ಎಂಟುನೂರು ವರ್ಷ ಹಳೇ ಕನ್ನಡ, ಸಾಲಿಗೊಂದು ಪದ ತಡೀತದೆ. ಪಕ್ಕದಲ್ಲಿ ಕಿಟೆಲ್ ನಿಘಂಟು ತೆರೆದಿಟ್ಟುಕೊಂಡಿದ್ದೀನಿ.