ನಮ್ಮ ರಿಯಾಯಿತಿ, ಪಕ್ಕದ ಮನೆಯವರ ಬಿಲ್ಲು

ಮನೆಯ ಇಂಟರ್ನೆಟ್ ಬಿಲ್ ಇಳಿಸಿಕೊಳ್ಳುವ ಉಪಾಯ ಬೆಂಗಳೂರಿನಲ್ಲಿ ಈಗ ಗುಟ್ಟಾಗಿ ಉಳಿದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, 'ಕನೆಕ್ಷನ್ ತೆಗೆಸ್ತಾ ಇದೀನಿ, ಬೇರೆ ಕಂಪನಿಯವರು ಕಡಿಮೆಗೆ ಕೊಡ್ತಾರಂತೆ' ಅಂದರಾಯಿತು. ಅದುವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದ ದನಿ ಮೆತ್ತಗಾಗುತ್ತದೆ. ಕರೆ ಇನ್ನೊಬ್ಬರಿಗೆ ವರ್ಗವಾಗುತ್ತದೆ. 'ನಿಮಗೋಸ್ಕರ ಒಂದು ಸ್ಪೆಷಲ್ ಆಫರ್ ಇದೆ ಸರ್.' ಒಂದು ತಿಂಗಳು ಉಚಿತ, ಇಲ್ಲವೇ ಅದೇ ದುಡ್ಡಿಗೆ ಎರಡರಷ್ಟು ಸ್ಪೀಡ್, ಇಲ್ಲವೇ ಹೊಸ ರೂಟರ್. ಫೋನ್ ಇಟ್ಟ ಮೇಲೆ ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬೀಗುತ್ತೇವೆ. ಗೆದ್ದೆವು ಅನ್ನಿಸುತ್ತದೆ.

ಯಾರ ಮೇಲೆ ಗೆದ್ದೆವು? ಕಂಪನಿಯ ಮೇಲಂತೂ ಅಲ್ಲ. ಗಲಾಟೆ ಮಾಡುವವರಿಗೆ ಕೊಡಬೇಕಾದ್ದನ್ನು ಅದು ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತದೆ. ಆ ಲೆಕ್ಕ ಸರಿದೂಗುವುದು ಗಲಾಟೆ ಮಾಡದವರಿಂದ. ನಿಮ್ಮದೇ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇರುತ್ತಾರೆ. ಮಗಳು ಹೊರದೇಶದಲ್ಲಿ, ಮೊಮ್ಮಗುವಿನ ಮುಖ ಕಾಣುವುದು ವಿಡಿಯೊ ಕಾಲ್‌ನಲ್ಲಿ ಮಾತ್ರ. ವರ್ಷಗಳ ಹಿಂದೆ ಹಾಕಿಸಿದ ಅದೇ ಪ್ಲಾನ್, ಅದೇ ಹಳೆಯ ಸ್ಪೀಡ್, ಪೂರ್ತಿ ಬೆಲೆ. ಅವರು ಕೊಡುವ ದುಡ್ಡಿಗೆ ಹೊಸ ಗಿರಾಕಿಗೆ ಏನು ಸಿಗುತ್ತಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೂ ಅವರು ಚೌಕಾಸಿಗೆ ಇಳಿಯುವವರಲ್ಲ. ಬಿಲ್ಲಿನಲ್ಲಿ ಅಚ್ಚಾದ ಬೆಲೆ ಅವರ ಪಾಲಿಗೆ ಬೆಲೆಯೇ. ಈ ಸಭ್ಯತೆಯನ್ನೇ ಕಂಪನಿ ಆದಾಯವಾಗಿ ಎಣಿಸಿಕೊಂಡಿದೆ. ನಮ್ಮ ರಿಯಾಯಿತಿಗೆ ದುಡ್ಡು ಬರುವುದು ಅವರ ಜೇಬಿನಿಂದ.

ಬ್ರಿಟನ್ನಿನಲ್ಲಿ ಇದನ್ನು ಬಹಿರಂಗವಾಗಿಯೇ ಕೇಳಿದರು. ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ 2018ರಲ್ಲಿ ಸ್ಪರ್ಧಾ ನಿಯಂತ್ರಕರ ಮುಂದೆ ದೂರು ಇಟ್ಟಿತು. ಒಂದೇ ಕಂಪನಿಯಲ್ಲಿ ಸುಮ್ಮನೆ ಉಳಿದವರು ಹೊಸಬರಿಗಿಂತ ಹೆಚ್ಚು ತೆರುತ್ತಿದ್ದಾರೆ, ಬ್ರಾಡ್‌ಬ್ಯಾಂಡ್ ಸೇರಿ ಐದು ಬಗೆಯ ಸೇವೆಗಳಲ್ಲಿ ಹೀಗೆ ಹೋಗುತ್ತಿರುವ ಹಣ ವರ್ಷಕ್ಕೆ 400 ಕೋಟಿ ಪೌಂಡಿಗೂ ಮೇಲೆ ಎಂದು ಅದರ ಅಂದಾಜು. ನಿಷ್ಠೆಗೆ ಹಾಕಿದ ದಂಡ ಎಂದೇ ಅದನ್ನು ಕರೆದರು. ನಮ್ಮಲ್ಲಿ ಅಂಥ ಲೆಕ್ಕ ಹಾಕುವ ಗೋಜಿಗೆ ಹೋಗುವ ಬದಲು ಆಫರ್ ಗಿಟ್ಟಿಸುವ ಕಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತೇವೆ. ಅದೂ ಗೆಳೆಯರ ಗುಂಪಿನಲ್ಲಿ. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಅಲ್ಲ.

ಮಾರುವ ಸರಕನ್ನೇ ನೋಡಿ. ಜಾಹೀರಾತಿನಲ್ಲಿ 499 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಬಿದ್ದು ಕೈಯಿಂದ ಹೋಗುವುದು 588 ರೂಪಾಯಿ 82 ಪೈಸೆ. ತೆರಿಗೆ ಸರ್ಕಾರದ್ದು ನಿಜ, ಆದರೆ ಅದನ್ನು ಸೇರಿಸಿ ದೊಡ್ಡಕ್ಷರದಲ್ಲಿ ಬರೆಯಬಾರದೆಂದು ಸರ್ಕಾರ ಹೇಳಿಲ್ಲ. ಇನ್ನು ಸ್ಪೀಡ್. '100 ಎಂಬಿಪಿಎಸ್‌ವರೆಗೆ' ಎನ್ನುವಾಗ ಕಂಪನಿಯ ಮಾತೆಲ್ಲ ಆ 'ವರೆಗೆ'ಯಲ್ಲಿ ಅಡಗಿರುತ್ತದೆ. ಒಂದೇ ಫೈಬರ್ ಎಳೆ ಹಲವು ಮನೆಗೆ ಕವಲೊಡೆಯುತ್ತದೆ. ಬೆಳಿಗ್ಗೆ ಆರಕ್ಕೆ ಹಾರುವ ನೆಟ್ ರಾತ್ರಿ ಒಂಬತ್ತಕ್ಕೆ, ಎಲ್ಲರೂ ಸಿನಿಮಾ ಹಾಕಿಕೊಂಡ ಹೊತ್ತಿಗೆ, ತೆವಳುತ್ತದೆ. ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು, 2013ರಲ್ಲಿ 512 ಆಯಿತು, 2023ರ ಜನವರಿಯಿಂದ 2 ಎಂಬಿಪಿಎಸ್. ಅಂದರೆ ನೂರರ ಪ್ಲಾನಿನಲ್ಲಿ ಎರಡು ಬಂದರೂ ಅದು ಬ್ರಾಡ್‌ಬ್ಯಾಂಡೇ. ಅಂಗಡಿಯಲ್ಲಿ ಒಂದು ಕೆಜಿ ಬೇಳೆಗೆ ದುಡ್ಡು ಇಸಿದುಕೊಂಡು ಮುಕ್ಕಾಲು ಕೆಜಿ ತೂಗಿದರೆ ತಕ್ಕಡಿ ಹಿಡಿದು ಜಗಳ ತೆಗೆಯುವ ನಾವು, ಇಲ್ಲಿ ಮಾತ್ರ 'ಏನೋ ಇವತ್ತು ನೆಟ್ ಸ್ವಲ್ಪ ಸ್ಲೋ' ಎಂದು ಸುಮ್ಮನಾಗುತ್ತೇವೆ. 'ಅನ್‌ಲಿಮಿಟೆಡ್'ಗೂ ಮಿತಿಯಿದೆ. ಹಲವು ಪ್ಲಾನುಗಳಲ್ಲಿ ತಿಂಗಳಿಗೆ 3300 ಜಿಬಿ. ಅದನ್ನು ಮುಟ್ಟುವ ಮನೆಗಳು ಕಡಿಮೆ, ಹಾಗಾಗಿ ನನ್ನ ತಕರಾರು ಅಲ್ಲಿಲ್ಲ.

ನನ್ನ ತಕರಾರು ಆ ಡಬ್ಬಿಯ ಮೇಲೆ. 'ರೂಟರ್ ಫ್ರೀ' ಎಂದು ತಂದಿಡುತ್ತಾರಲ್ಲ, ಅದು ಬಹಳ ಸಲ ಎಲ್ಲೋ ಬಳಸಿ ವಾಪಸ್ ಬಂದ ಹಳೆಯ ಮಾಲು. ಅದರ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ ನೀವು 200ರ ಪ್ಲಾನಿಗೆ ದುಡ್ಡು ಕೊಟ್ಟರೂ ತಂತಿಯಲ್ಲಿ ಬರುವುದು ನೂರರ ಒಳಗೇ. 2.4 ಗಿಗಾಹರ್ಟ್ಸ್ ಒಂದೇ ಬ್ಯಾಂಡ್ ಇರುವ ಡಬ್ಬಿಯಾದರೆ ಅಕ್ಕಪಕ್ಕದ ಇಪ್ಪತ್ತು ಮನೆಗಳ ವೈ-ಫೈ ಜೊತೆ ಗುದ್ದಾಡಿ ಅದರಲ್ಲಿ ಅರ್ಧವೂ ಫೋನಿಗೆ ತಲುಪುವುದಿಲ್ಲ. ಇದು ಕಂಪನಿಗೆ ಗೊತ್ತು. ಗೊತ್ತಿದ್ದೂ ಹೆಚ್ಚಿನ ಪ್ಲಾನ್ ಮಾರುತ್ತದೆ. ಸ್ಲೋ ಎಂದು ದೂರಿದರೆ 'ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ' ಎನ್ನುತ್ತದೆ! ಬಿಡುವ ದಿನ ಬಂದಾಗ ಮಾತ್ರ ಆ ಫ್ರೀ ಡಬ್ಬಿ ಇದ್ದಕ್ಕಿದ್ದಂತೆ ಬೆಲೆಬಾಳುವ ಆಸ್ತಿಯಾಗುತ್ತದೆ. ಅಡಾಪ್ಟರ್ ಎಲ್ಲಿ, ಗೀರು ಬಿದ್ದಿದೆ, ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತೇವೆ. ಬಿಡುವುದೂ ಸುಲಭವಲ್ಲ. ಇನ್‌ಸ್ಟಲೇಷನ್ ಉಚಿತ ಎಂಬ ಆಸೆಗೆ ಆರು ತಿಂಗಳ, ವರ್ಷದ ದುಡ್ಡು ಮುಂಗಡ ಕಟ್ಟಿರುತ್ತೇವೆ. ದುಡ್ಡು ಅವರ ಕೈಯಲ್ಲಿರುವಾಗ ನಮ್ಮ ಬೆದರಿಕೆಗೆ ಕಿಮ್ಮತ್ತೆಲ್ಲಿ?

ಇಷ್ಟಾದರೂ ನಮ್ಮ ಸಿಟ್ಟು ತಪ್ಪು ಮನುಷ್ಯನ ಮೇಲೆ ಹೋಗುತ್ತದೆ. ಹೆಗಲ ಮೇಲೆ ಏಣಿ, ಬೈಕಿನಲ್ಲಿ ಫೈಬರ್ ಸುರುಳಿ ಹಾಕಿಕೊಂಡು ಬರುವ ಹುಡುಗ ಕಂಪನಿಯ ನೌಕರನೂ ಅಲ್ಲ. ಬಹುಪಾಲು ಗುತ್ತಿಗೆದಾರನ ಕೈಕೆಳಗಿನವನು. ಮಳೆಗೆ ಕೊಂಬೆ ಮುರಿದು ಬಿದ್ದು, ಇಲ್ಲವೇ ಪಾಲಿಕೆಯವರು ಕಂಬದಿಂದ ತಂತಿ ಕತ್ತರಿಸಿ ಹಾಕಿ, ರೂಟರ್‌ನಲ್ಲಿ ಕೆಂಪು ದೀಪ ಉರಿಯುವಾಗ ಅವನನ್ನು ನಿಲ್ಲಿಸಿಕೊಂಡು ಬೈಯುತ್ತೇವೆ. ಅನುಮತಿಯಿಲ್ಲದೆ ಮರದಿಂದ ಮರಕ್ಕೆ, ಕರೆಂಟ್ ಕಂಬದಿಂದ ಕಂಬಕ್ಕೆ ತಂತಿ ಎಳೆದು ದುಡ್ಡು ಉಳಿಸಿದವರು ಎಲ್ಲೋ ಎ.ಸಿ. ಕೋಣೆಯಲ್ಲಿದ್ದಾರೆ. 'ರೀಸ್ಟಾರ್ಟ್ ಮಾಡಿ ನೋಡಿ ಮೇಡಂ' ಎನ್ನುವ ಹುಡುಗಿಗೂ ಅಷ್ಟೇ, ಅವಳ ಮುಂದಿನ ಪರದೆ ಹೇಳಿದ್ದಷ್ಟನ್ನೇ ಓದುವ ಕೆಲಸ. ದಯವಿಟ್ಟು ಅವರ ಮೇಲೆ ಕೂಗಾಡುವುದನ್ನು ನಿಲ್ಲಿಸೋಣ. ಆ ಕೂಗಾಟ ಯಾವ ದಾಖಲೆಗೂ ಸೇರುವುದಿಲ್ಲ. ಕಂಪನಿಗೆ ಬೇಕಾಗಿರುವುದೂ ಅದೇ.

ಇನ್ನೊಂದು ಮಾತು, ಈ ಊರಿನ ಎಂಜಿನಿಯರುಗಳಿಗೆ. ಕನೆಕ್ಷನ್ ಕೊಳ್ಳುವ ಬಟನ್ ಆ್ಯಪ್‌ನ ಮೊದಲ ಪುಟದಲ್ಲೇ ಹೊಳೆಯುತ್ತದೆ, ರದ್ದು ಮಾಡುವ ಬಟನ್ ಎಷ್ಟು ಹುಡುಕಿದರೂ ಸಿಗದು, ಕೊನೆಗೆ ಫೋನ್ ಮಾಡಿ ಎನ್ನುತ್ತದೆ. ಕೇಳದ ಓಟಿಟಿ ಪ್ಯಾಕ್ ಬುಟ್ಟಿಯಲ್ಲಿ ಬಂದು ಕೂತಿರುತ್ತದೆ. ಇವನ್ನು ಆಕಾಶದಿಂದ ಯಾರೂ ಉದುರಿಸಿಲ್ಲ. ಯಾರೋ ವಿನ್ಯಾಸ ಮಾಡಿದ್ದಾರೆ, ಯಾರೋ ಕೋಡ್ ಬರೆದಿದ್ದಾರೆ, ಯಾರೋ ಮೀಟಿಂಗಿನಲ್ಲಿ ತಲೆಯಾಡಿಸಿದ್ದಾರೆ. ಅಂಥವರು ಹೆಚ್ಚು ಇರುವ ಊರು ಬೆಂಗಳೂರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಬಿಟ್ಟುಹೋಗಲು ಬಿಡದ ಚಂದಾ, ಬುಟ್ಟಿಗೆ ಗುಟ್ಟಾಗಿ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ತೋರಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಮುಂದಿನ ಸಲ ಮ್ಯಾನೇಜರ್ ಅದನ್ನೇ ಮಾಡಲು ಹೇಳಿದಾಗ ಆ ಮಾರ್ಗಸೂಚಿಯನ್ನು ಮೇಜಿನ ಮೇಲಿಡಿ. ನಿಮ್ಮ ಅಮ್ಮನೂ ಆ ಆ್ಯಪ್ ಬಳಸುತ್ತಾರೆ.

ಇದೇನು ಅಂಥ ದೊಡ್ಡ ಅನ್ಯಾಯ, ನೆಟ್ ತಾನೇ ಎನ್ನುವವರಿದ್ದಾರೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಒಂದು ಚಿತ್ರ ನೆನಪಿರಬಹುದು: ರಸ್ತೆ ಬದಿಯಲ್ಲಿ ಮಗಳು ಆನ್‌ಲೈನ್ ತರಗತಿ ಕೇಳುತ್ತಿದ್ದಾಳೆ, ಸುರಿವ ಮಳೆಯಲ್ಲಿ ಅಪ್ಪ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. 2019ರಲ್ಲೇ ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತ್ತು. ತಂತಿ ಮನೆಬಾಗಿಲಿಗೆ ಬಂದ ನಮಗೆ ಅದು ಸರಿಯಾಗಿ ಬರುವಂತೆ ನೋಡಿಕೊಳ್ಳುವಷ್ಟೂ ವ್ಯವಧಾನವಿಲ್ಲದಿದ್ದರೆ, ತಂತಿಯೇ ಬರದವರ ಪರವಾಗಿ ಯಾರು ಮಾತಾಡಬೇಕು?

ಕಾನೂನು ನಮ್ಮ ಕಡೆ ಇಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ಗುಣಮಟ್ಟ ನಿಯಮಗಳು 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿವೆ. ದುಡ್ಡು ಕಟ್ಟಿದ ಏಳು ದಿನದೊಳಗೆ ಬ್ರಾಡ್‌ಬ್ಯಾಂಡ್ ಚಾಲೂ ಆಗಬೇಕು. ಮೂರು ದಿನಕ್ಕಿಂತ ಹೆಚ್ಚು ಲೈನ್ ಸತ್ತುಬಿದ್ದರೆ ಬಿಲ್ ಕಟ್ಟುವವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ದಿನಗಳ ವಿಸ್ತರಣೆ. ಇದನ್ನು ಕೇಳಿ ಪಡೆದವರು ನಿಮ್ಮ ಬೀದಿಯಲ್ಲಿ ಎಷ್ಟು ಜನ? ಬ್ರಿಟನ್ನಿನಲ್ಲಿ ಕೇಳಬೇಕಾಗಿಯೇ ಇಲ್ಲ. 2019ರ ಏಪ್ರಿಲ್‌ನಿಂದ ಅಲ್ಲಿನ ದೊಡ್ಡ ಕಂಪನಿಗಳು ಒಪ್ಪಿಕೊಂಡ ಯೋಜನೆಯಂತೆ, ಎರಡು ಕೆಲಸದ ದಿನ ಪೂರ್ತಿ ಕಳೆದರೂ ಲೈನ್ ಸರಿಹೋಗದಿದ್ದರೆ ಪರಿಹಾರ ತಾನಾಗಿ ಬಿಲ್ಲಿಗೆ ಜಮೆಯಾಗುತ್ತದೆ. ನಮ್ಮಲ್ಲೂ ಹೀಗೇ ಆಗಬೇಕೆಂದು ಒತ್ತಾಯಿಸಬೇಕಾದವರು ನಾವೇ. ಲೈನ್ ಎಷ್ಟು ಗಂಟೆಗೆ ಸತ್ತಿತು, ಎಷ್ಟು ಗಂಟೆಗೆ ಎದ್ದಿತು ಎಂಬುದು ಕಂಪನಿಯ ಸರ್ವರ್‌ಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರನ್ನು ವಿಚಾರಣೆ ಮಾಡುವುದಿಲ್ಲ. ದಾರಿ ಶುರುವಾಗುವುದು ಕಂಪನಿಯ ದೂರು ಕೇಂದ್ರದಿಂದ. ಅಲ್ಲಿ ಸಿಗುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಇಲ್ಲದ ದೂರು ದೂರೇ ಅಲ್ಲ. ರಿಪೇರಿ ಆಗದೆಯೇ 'ಟಿಕೆಟ್ ಕ್ಲೋಸ್' ಎಂಬ ಮೆಸೇಜ್ ಬಂದರೆ ತಕ್ಷಣ ಬರಹದಲ್ಲಿ ಆಕ್ಷೇಪಿಸಿ, ಇಲ್ಲವಾದರೆ ಮೂರು ದಿನದ ಲೆಕ್ಕ ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನ ಹೇಳಬೇಕು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ತಕರಾರು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು 2009ರ ತೀರ್ಪೊಂದನ್ನು ತೋರಿಸಿ ಕಂಪನಿಗಳು ವರ್ಷಗಟ್ಟಲೆ ಜಾರಿಕೊಂಡವು. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆಯಿತು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಆಯೋಗದಲ್ಲಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಎಂಟುನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಅನ್ನುತ್ತೀರಿ. ಸರಿ, ನಿಮ್ಮ ಎಂಟುನೂರಕ್ಕೆ ಬೇಡ. ನಿಮ್ಮ ಸಂಬಳಕ್ಕೆ ಅದು ಚಿಲ್ಲರೆ ಇರಬಹುದು. ಪಿಂಚಣಿಯಲ್ಲಿ ಬದುಕುವವರಿಗೆ, ಮನೆಯಲ್ಲೇ ಟ್ಯೂಷನ್ ಹೇಳುವ ಹೆಣ್ಣುಮಗಳಿಗೆ, ಬೀದಿ ಕೊನೆಯ ಝೆರಾಕ್ಸ್ ಅಂಗಡಿಯವನಿಗೆ ಚಿಲ್ಲರೆಯಲ್ಲ. ನೆಟ್ ಇಲ್ಲದ ನಾಲ್ಕು ದಿನ ಆ ಅಂಗಡಿಗೆ ನಾಲ್ಕು ದಿನದ ದುಡಿಮೆ. ಓದು ಬಲ್ಲವರು, ಇಂಗ್ಲಿಷ್ ಇಮೇಲ್ ಬರೆಯಬಲ್ಲವರು ತಂತಮ್ಮ ಆಫರ್ ತೆಗೆದುಕೊಂಡು ಪಕ್ಕಕ್ಕೆ ಸರಿದ ದಿನವೇ ಇವರ ಕೈ ಹಿಡಿಯುವವರಿಲ್ಲವಾಯಿತು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಪದಾಧಿಕಾರಿಗಳೇ, ನಿಮ್ಮನ್ನೂ ಕೇಳಲೇಬೇಕು. ಒಂದೇ ಕಂಪನಿಗೆ ಗೇಟು ತೆರೆದು ಉಳಿದವರನ್ನು ಹೊರಗೆ ನಿಲ್ಲಿಸಿದ್ದು ಯಾವ ಲೆಕ್ಕದಲ್ಲಿ? ಕಟ್ಟಡದೊಳಗೆ ಇಂಥ ಏಕಸ್ವಾಮ್ಯದ ಒಪ್ಪಂದ ಸಲ್ಲದೆಂದು ಟ್ರಾಯ್ 2017ರಲ್ಲೇ ಶಿಫಾರಸು ಮಾಡಿದೆ. ಆ ಕಂಪನಿಯಿಂದ ಸಂಘದ ಖಾತೆಗೆ ಬರುವ ಹಣ ಮೆಂಟೆನೆನ್ಸ್‌ಗೆ ಆಸರೆ ಎನ್ನಬಹುದು. ಆದರೆ ಆಯ್ಕೆಯಿಲ್ಲದ ಪ್ರತಿ ಮನೆ ತಿಂಗಳು ತಿಂಗಳೂ ಹೆಚ್ಚಾಗಿ ಕಟ್ಟುವ ದುಡ್ಡಿನ ಮುಂದೆ ಅದು ಪುಡಿಗಾಸು. ಮುಂದಿನ ಸಭೆಯಲ್ಲಿ ಆ ಒಪ್ಪಂದದ ಪ್ರತಿ ಎಲ್ಲರ ಮುಂದಿಡಿ. ಎರಡನೆಯ, ಮೂರನೆಯ ಕಂಪನಿಗೆ ಪೈಪಿನಲ್ಲಿ ದಾರಿ ಕೊಡಿ. ಅದೇ ಸಭೆಯಲ್ಲಿ ಯಾವ ಮನೆಗೆ ಯಾವ ಪ್ಲಾನ್, ಎಷ್ಟು ಬೆಲೆ, ಎಷ್ಟು ಸ್ಪೀಡ್ ಎಂದು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ. ಗುಟ್ಟಾಗಿ ಕೊಟ್ಟ ರಿಯಾಯಿತಿ ಬಯಲಿಗೆ ಬಂದರೆ ಕಂಪನಿ ಅದನ್ನು ಎಲ್ಲರಿಗೂ ಕೊಡಬೇಕಾಗುತ್ತದೆ, ಇಲ್ಲವೇ ಯಾಕೆ ಕೊಡುವುದಿಲ್ಲ ಎಂದು ಬರಹದಲ್ಲಿ ಹೇಳಬೇಕಾಗುತ್ತದೆ.

ಓದುಗರೇ, ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಮಹಡಿಯ ಹಿರಿಯರ ಮನೆಗೆ ಲ್ಯಾಪ್‌ಟಾಪ್ ಮತ್ತು ಒಂದು ಲ್ಯಾನ್ ಕೇಬಲ್ ಹಿಡಿದು ಹೋಗಿ. ಡಬ್ಬಿಗೆ ತಂತಿ ಚುಚ್ಚಿ ಸ್ಪೀಡ್ ಅಳೆಯಿರಿ, ಬಿಲ್ ತೆಗೆದು ಪಕ್ಕದಲ್ಲಿಡಿ, ಅದೇ ಬೆಲೆಗೆ ಹೊಸ ಗಿರಾಕಿಗೆ ಏನು ಕೊಡುತ್ತಿದ್ದಾರೆ ಎಂದು ಅವರಿಗೆ ತೋರಿಸಿ. ದೂರು ಬರೆಯಬೇಕಾಗಿ ಬಂದರೆ ಮೊದಲನೆಯದನ್ನು ಅವರ ಹೆಸರಿನಲ್ಲಿ ಬರೆಯಿರಿ. ನಿಮ್ಮದು ಆಮೇಲೆ.